ಜೂನ್ ತಿಂಗಳ ಮೊದಲ ಪಾಠ

ಪಠ್ಯಪುಸ್ತಕ ಬರೆದವರು ಹೊಸನಗರದ ಜೂನ್ ಕಂಡವರಲ್ಲ.
ಮೊದಲ ಅಧ್ಯಾಯವೇ ಸ್ಥಿರವಿದ್ಯುತ್ತು.

ಗಾಜಿನ ಕಡ್ಡಿಯನ್ನು ರೇಷ್ಮೆಗೆ ಉಜ್ಜಿದೆ.
ಕಾಗದದ ಚೂರು ಮೇಜಿಗೆ ಕವುಚಿ ಮಲಗಿತ್ತು, ಏಳಲಿಲ್ಲ.
ಎಬೊನೈಟನ್ನು ಉಣ್ಣೆಗೆ ಉಜ್ಜಿದೆ. ಉಣ್ಣೆಯಿಂದ
ಒದ್ದೆ ನಾಯಿಯ ವಾಸನೆ ಬಂತು, ಅಷ್ಟೆ.
ಹಿಂದಿನ ಬೆಂಚು ನಕ್ಕಿತು.
ಮುಂದಿನ ಬೆಂಚು 'ಆಕರ್ಷಿಸುತ್ತದೆ' ಎಂದು ಬರೆದುಕೊಂಡಿತು.

ಗುತ್ಯಪ್ಪ, ನಮ್ಮ ಲ್ಯಾಬಿನ ಅಟೆಂಡರು,
ಒಳಕೋಣೆಯಲ್ಲಿ ಅರವತ್ತರ ಬಲ್ಬಿನಡಿ
ಕಡ್ಡಿಗಳನ್ನು ಕೋಳಿಮರಿಯ ಹಾಗೆ ಬೆಚ್ಚಗಿಟ್ಟು,
ಅಲ್ಲೇ ಉಜ್ಜಿ, "ಬೇಗ ಸಾರ್, ಬೇಗ" ಎನ್ನುತ್ತ ಓಡಿ ಬಂದ.
ಬಾಗಿಲಿಂದ ಮೇಜಿಗೆ ಹನ್ನೊಂದು ಹೆಜ್ಜೆ.
ಅಷ್ಟರಲ್ಲಿ ಸೋರಿಹೋಗಿತ್ತು.

"ಸೋರಿ ಎಲ್ಲಿಗೆ ಹೋಯ್ತು?"
ಕೇಳಿದ್ದು ನಫೀಸಾ, ಬಸ್ ಸ್ಟ್ಯಾಂಡಿನೆದುರಿನ ಟೈಲರ್ ಮಗಳು.

ಹೇಳಿದೆ:
ಉಜ್ಜಿದರೆ ಹೊಸದೇನೂ ಹುಟ್ಟುವುದಿಲ್ಲಮ್ಮ,
ಇದ್ದದ್ದೇ ಕೈ ಬದಲಿಸುತ್ತದೆ.
ಗಾಜಿನ ಖರ್ಚು ರೇಷ್ಮೆಯ ಪುಸ್ತಕದಲ್ಲಿ ಜಮೆ.
ಎರಡನ್ನೂ ಕೂಡಿಸಿ ನೋಡು,
ಉಜ್ಜುವ ಮೊದಲೂ ಸೊನ್ನೆ, ಉಜ್ಜಿದ ಮೇಲೂ ಸೊನ್ನೆ.
ಕೊಟ್ಟದ್ದು ತಗೊಂಡದ್ದನ್ನು ಎಳೆಯುತ್ತದೆ,
ಕೊಟ್ಟ ಎರಡು ಮಾತ್ರ ಎದುರಾದರೆ ಮುಖ ತಿರುಗಿಸುತ್ತವೆ.
ದೂರ ಎರಡು ಪಟ್ಟಾದರೆ ಬಲ ಕಾಲುಭಾಗ,
ಮೂರು ಪಟ್ಟಾದರೆ ಒಂಬತ್ತರಲ್ಲೊಂದು.
ಈಗ ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಪಸೆ ಕೂತಿದೆ.
ಅದನ್ನೇ ಹಿಡಿದು ನನ್ನ ಬೆರಳಿಗೆ, ಬೆರಳಿಂದ ಕಾಲಿಗೆ, ನೆಲಕ್ಕೆ.
ನೆಲ ಯಾರಿಗೂ ರಸೀದಿ ಕೊಡುವುದಿಲ್ಲ.

ಮರುದಿನ ಅವಳು ಅಂಗಡಿಯಿಂದ
ಕರಿ ಬಿಲ್ಲೆಯೊಂದನ್ನು ತಂದಳು: ಹಳೆ ಸ್ಪೀಕರಿನ ಅಯಸ್ಕಾಂತ,
ನೆಲಕ್ಕೆ ಬಿದ್ದ ಗುಂಡುಸೂಜಿ ಹೆಕ್ಕಲು ಅವಳಪ್ಪ ಇಟ್ಟುಕೊಂಡದ್ದು.
ಲ್ಯಾಬಿನ ಮಾಡು ಸೋರುವಲ್ಲಿಟ್ಟ ಬಕೆಟ್ಟಿಗೆ ಸೂಜಿ ಸುರಿದು
ಬಿಲ್ಲೆಯನ್ನು ನೀರೊಳಗೇ ಅದ್ದಿದಳು.
ಸೂಜಿಗಳು ಮುಳ್ಳುಹಂದಿಯಾಗಿ ಮೇಲೆ ಬಂದವು.
"ಇದಕ್ಕೆ ಮಳೆ ತಾಗಲ್ಲ ಸಾರ್."
ಬಿಲ್ಲೆ ಬಿಡಿಸಿದ ಮೇಲೂ
ಒಂದು ಸೂಜಿಯ ತುದಿಗೆ ಇನ್ನೊಂದು ನೇತಾಡುತ್ತಿತ್ತು,
ಸಹವಾಸದ ಗುಣ.

ಅಂದೇ ಅದು ಗುತ್ಯಪ್ಪನ ಕೈಜಾರಿ ಎರಡಾಯಿತು.
ಅವನು ಬೆಳ್ಳಗಾದ. ಹಿಂದಿನ ಬೆಂಚು ಎದ್ದು ನಿಂತಿತು:
ಉತ್ತರ ಒಂದು ಚೂರಿಗೆ, ದಕ್ಷಿಣ ಇನ್ನೊಂದಕ್ಕೆ ಹೋಯ್ತಾ?
ಹೋಗಲಿಲ್ಲ. ಪ್ರತಿ ಚೂರಿಗೂ ಎರಡೂ ಇತ್ತು.
ಪುಡಿ ಮಾಡಿದರೂ ಪುಡಿಪುಡಿಗೂ ಎರಡೂ ಇರುತ್ತದೆ ಎಂದೆ.
ವಿದ್ಯುತ್ತಿನಲ್ಲಿ ಧನ ಒಂದೇ ಇರಬಲ್ಲದು, ಋಣ ಒಂದೇ ಇರಬಲ್ಲದು;
ಇಲ್ಲಿ ಒಂಟಿ ಧ್ರುವವನ್ನು ಇನ್ನೂ ಯಾರೂ ಹಿಡಿದಿಲ್ಲ.

ನಫೀಸಾ ಕೇಳಿಸಿಕೊಳ್ಳುತ್ತಿರಲಿಲ್ಲ.
ಚೂರುಗಳನ್ನು ಇದ್ದ ಹಾಗೇ ಕೂಡಿಸಲು ನೋಡುತ್ತಿದ್ದಳು.
ಮುರಿದ ಅಂಚು ಮುರಿದ ಅಂಚನ್ನೇ ಒಲ್ಲೆನೆಂದು ತಳ್ಳಿತು.
ಒಂದನ್ನು ಮಗುಚಿ ಹಿಡಿದಳು,
ಟಪ್ಪನೆ ಅಂಟಿತು.
ಬಹಳ ಹೊತ್ತು ಅದನ್ನೇ ನೋಡಿದಳು.
ಇದು ಪರೀಕ್ಷೆಗೆ ಬರುತ್ತದಾ ಎಂದು ಮಾತ್ರ ಕೇಳಲಿಲ್ಲ.

ಜನವರಿ.
ಪಾಠ ಅರೆವಾಹಕಕ್ಕೆ ಬಂದು ನಿಂತಿದೆ.
ತುಟಿ ಒಡೆಯುವ ಒಣಗಾಳಿ.
ಬೆಳಿಗ್ಗೆ ಗುತ್ಯಪ್ಪ ನೈಲಾನ್ ಸ್ವೆಟರ್ ಕಳಚಿದ,
ತಲೆಯ ಸುತ್ತ ಚಟಚಟ ಸದ್ದು, ನಾಲ್ಕು ಕೂದಲು ನೆಟ್ಟಗೆ.
ಡಯೋಡನ್ನು ಅರ್ಧಕ್ಕೇ ಬಿಟ್ಟು ಕೇಳಿದೆ,
ಯಾರ ಹತ್ತಿರ ಬಾಚಣಿಗೆ ಇದೆ?

ಏಳು ತಿಂಗಳು ತಡವಾಗಿ ಕಾಗದದ ಚೂರು ಎದ್ದಿತು.
ಹಾರಿ ಬಾಚಣಿಗೆ ಮುಟ್ಟಿತು, ಒಂದು ಕ್ಷಣ ನಿಂತಿತು,
ಮುಟ್ಟಿದ್ದೇ ತಪ್ಪೆಂಬಂತೆ ಚಿಮ್ಮಿ ದೂರ ಬಿತ್ತು.

"ಅದರ ಲೆಕ್ಕವೇ ಇದಕ್ಕೂ ಹತ್ತಿಬಿಡ್ತು," ನಫೀಸಾ ತನ್ನಷ್ಟಕ್ಕೆ,
"ಇನ್ನು ಹತ್ತಿರ ಹೇಗೆ ಇರುತ್ತೆ?"

ಬೆಲ್ಲು ಹೊಡೆಯಿತು. ಯಾರೂ ಏಳಲಿಲ್ಲ.
ಗುತ್ಯಪ್ಪ ಬೀರುವಿನಿಂದ ಸ್ವರ್ಣಪತ್ರದ ಡಬ್ಬಿ ತಂದ.
ಎಂಟು ವರ್ಷದಿಂದ ಜೋತೇ ಇದ್ದ ಎರಡು ಎಲೆ,
ಪ್ರತಿ ಜೂನಿನಲ್ಲೂ ತೋರಿಸಿ ಒಳಗಿಟ್ಟದ್ದು.
ಬಾಚಣಿಗೆ ಹತ್ತಿರ ಹಿಡಿದೆ.
ತೆರೆದವು.

ಚೆನ್ನಾಗಿ ಕಾಣಲೆಂದು ಅವನು
ಹೆಗಲ ವಸ್ತ್ರದಿಂದ ಗಾಜನ್ನು ಒರೆಸಿದ.
ಒರೆಸಿದ್ದಕ್ಕೇ ಅವು ಇನ್ನಷ್ಟು ತೆರೆದವು.